ಬುಗುರಿ ಕಿತ್ತ ಮೇಣ

ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ; ಎಲ್ಲರಿಗೂ ಅವಳು ಬುಗುರಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಮೂವತ್ತು ವರ್ಷದಿಂದ ಮನೆಮನೆಗೆ ಹೋಗಿ ಗೋಡೆಗೆ ವಾಲ್‌ಪೇಪರ್ ಅಂಟಿಸುವ ಕೆಲಸ. ಬೇರೆಯವರು ಏಣಿ ಇಳಿದು, ಅದನ್ನು ಸರಿಸಿ, ಮತ್ತೆ ಹತ್ತಿದರೆ ಇವಳು ಮೇಲೆ ನಿಂತೇ ಏಣಿ ಸಮೇತ ಕುಪ್ಪಳಿಸಿಕೊಂಡು ಮುಂದಕ್ಕೆ ಹೋಗುವವಳು. ಎರಡು ಸಲ ಬಿದ್ದಿದ್ದಾಳೆ. ಬುದ್ಧಿ ಬಂದಿಲ್ಲ.

ಅವಳ ಅಕ್ಕ ತದ್ವಿರುದ್ಧ. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವಳೂ ಅಕ್ಕ, ಕೆಲಸ ಕಲಿಸಿದವಳೂ ಅಕ್ಕ. ಜೋಡಿಯಾಗಿ ದುಡಿಯುತ್ತಿದ್ದಾಗ ಅಕ್ಕ ಅಳೆದು, ಕತ್ತರಿಸಿ, ಚಿತ್ತಾರದ ಬಳ್ಳಿಗೆ ಬಳ್ಳಿ ಕೂಡಿಸಿ ಕೊಡುವಳು, ತಂಗಿ ಅಂಟಿಸುವಳು. "ಆರ್ಲಿ, ಅವಸರ ಮಾಡ್ಬೇಡ" ಎಂದು ಅಕ್ಕ ಹೇಳದ ದಿನವಿರಲಿಲ್ಲ. ಈಗ ನಾಲ್ಕು ವರ್ಷದಲ್ಲಿ ಅಕ್ಕನ ಕಣ್ಣು ಮಂಜಾಗುತ್ತಾ ಬಂದು, ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯುವಷ್ಟು ಮಾತ್ರ ಉಳಿದಿದೆ. ಆದರೂ ಮನೆಯೊಳಗೆ ಯಾರ ಕೈಯನ್ನೂ ಹಿಡಿಯಳು. ಕೋಣೆಯಿಂದ ಅಡುಗೆಮನೆಗೆ ಹೋಗುವ ಇಕ್ಕಟ್ಟಾದ ಹಾದಿಯಲ್ಲಿ ಗೋಡೆಗೆ ಬಲಗೈ ತಾಗಿಸಿಕೊಂಡು ಒಬ್ಬಳೇ ನಡೆಯುತ್ತಾಳೆ.

ಆ ಹಾದಿಯ ಕೊನೆಗೆ ಒಂದು ಮೆಟ್ಟಿಲು ಇಳಿಯಬೇಕು. ಹೋದ ವರ್ಷ ಅಲ್ಲೇ ಬಿದ್ದು ಅಕ್ಕ ಮಣಿಕಟ್ಟು ಮುರಿದುಕೊಂಡಳು. ಆಮೇಲೂ ಒಂದೆರಡು ಸಲ ಎಡವಿದಳು. "ಇನ್ನೊಂದ್ಸಲ ಬಿದ್ರೆ ನಾನು ಆಶ್ರಮಕ್ಕೆ ಹೋಗಿ ಇರ್ತೀನಿ. ನಿನಗೆ ಹೊರೆಯಾಗಲ್ಲ" ಎಂದಳು. ಅಕ್ಕ ಒಂದು ಮಾತು ಆಡಿದಳೆಂದರೆ ಆಡಿದಳು. ಅಕ್ಕನಿಲ್ಲದ ಮನೆಯನ್ನು ನೆನೆಸಿಕೊಂಡರೇ ಬುಗುರಿಗೆ ಕೈಕಾಲು ಆಡುತ್ತಿರಲಿಲ್ಲ. ಸದ್ಯ, ಈಚೆಗೆ ಒಂದೂವರೆ ತಿಂಗಳಿಂದ ಅಕ್ಕ ಒಂದು ಸಲವೂ ಎಡವಿರಲಿಲ್ಲ. ಅಭ್ಯಾಸವಾಯಿತು ಎಂದುಕೊಂಡಳು ಬುಗುರಿ.

ಈಗ ಅವಳನ್ನು ಕೊರೆಯುತ್ತಿದ್ದುದು ಬೇರೆಯೇ. ಒಂದು ಸಂಜೆ ಕರೆಂಟು ಹೋಗಿ, ಮೇಣದಬತ್ತಿ ಹಿಡಿದು ದಡಬಡ ಓಡುವಾಗ ಅವಳ ಮೊಣಕೈ ಆ ಹಾದಿಯ ಗೋಡೆಗೆ ಬಡಿದಿತ್ತು. ಕರಗಿದ ಮೇಣವೆಲ್ಲ ಹಸಿರು ಬಳ್ಳಿಯ ಕಾಗದದ ಮೇಲೆ ಚೆಲ್ಲಿತು. ಕಣ್ಣಿದ್ದಾಗ ಅಕ್ಕನೇ ಆರಿಸಿದ ಕಾಗದ ಅದು, ಇಬ್ಬರೂ ಕೂಡಿ ಅಂಟಿಸಿದ ಕೊನೆಯ ಕಾಗದ. "ಏನೇ ಅದು?" ಎಂದು ಒಳಗಿಂದ ಅಕ್ಕ ಕೇಳಿದಾಗ ಬುಗುರಿ "ಏನಿಲ್ಲ ಬಿಡು" ಅಂದುಬಿಟ್ಟಳು.

ಅಂದಿನಿಂದ ಅಕ್ಕನ ಬೆರಳು ಆ ಮೇಣದ ಹತ್ತಿರ ಬಂದಾಗಲೆಲ್ಲ ನಿಲ್ಲುತ್ತದೆ. ಒಮ್ಮೆ ಸವರುತ್ತದೆ. ಆಮೇಲೆ ಅಕ್ಕ ತುಟಿಪಿಟಕ್ಕೆನ್ನದೆ ಮುಂದೆ ಹೋಗುತ್ತಾಳೆ. ದಿನಕ್ಕೆ ಹತ್ತು ಸಲ ಇದನ್ನು ನೋಡಿ ನೋಡಿ ಬುಗುರಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ಬೈಯುವುದಾದರೆ ಬಾಯಿಬಿಟ್ಟು ಬೈಯಬಾರದೆ? ತಾನೇ ಒಪ್ಪಿಕೊಳ್ಳಬಹುದಿತ್ತು, ನಿಜ. ಏಣಿಯ ಮೇಲೆ ಕುಪ್ಪಳಿಸುವ ಧೈರ್ಯ ಬೇರೆ, ಇದು ಬೇರೆ.

ಹಾಗಾಗಿ ಪಕ್ಕದ ಮನೆಯ ಟೈಲರಮ್ಮ ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಬೆಳಿಗ್ಗೆ ಬುಗುರಿ ಸೆರಗು ಸಿಕ್ಕಿಸಿ ನಿಂತಳು. ಬಟ್ಟೆಯಲ್ಲಿ ಐಸು ಸುತ್ತಿ ಮೇಣಕ್ಕೆ ಒತ್ತಿ ಹಿಡಿದಳು. ಅರೆ ನಿಮಿಷಕ್ಕೆ ತೆಗೆದು ನೋಡಿದಳು. ಮತ್ತೆ ಒತ್ತಿದಳು, ಮತ್ತೆ ನೋಡಿದಳು. ಕೊನೆಗೂ ಗಟ್ಟಿಯಾದ ಮೇಣವನ್ನು ಮರದ ಚಮಚದ ಅಂಚಿನಿಂದ ಎಬ್ಬಿಸಿದರೆ ಚಕ್ಕೆಯಾಗಿ ಬಂತು. ಉಳಿದ ಜಿಡ್ಡಿನ ಮೇಲೆ ಅಚ್ಚಿಲ್ಲದ ಬಿಳಿ ಕಾಗದವಿಟ್ಟು, ಹದವಾಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಮೆತ್ತಗೆ ತಾಗಿಸಿದಳು. ಹತ್ತು ಎಣಿಸುವವರೆಗೆ ಹಿಡಿಯಬೇಕು, ಗಿರಾಕಿಗಳಿಗೆಲ್ಲ ಅವಳೇ ಹೇಳಿಕೊಡುವ ಪಾಠ. ಅವಳ ಹತ್ತು ನಾಲ್ಕರಲ್ಲೇ ಮುಗಿಯುತ್ತಿತ್ತು. ಕಾಗದ ಬದಲಿಸುವಳು, ಬಾಗಿಲಿಗೆ ಓಡಿ ಬೀದಿ ನೋಡುವಳು, ಬಂದು ಮತ್ತೆ ಒಂದರಿಂದ ಎಣಿಸುವಳು. ಬಿಸಿ ಹೆಚ್ಚಾದರೆ ಒಳಗಿನ ಅಂಟು ಸಡಿಲಾಗಿ ಕಾಗದವೇ ಕಿತ್ತುಬಂದೀತೆಂಬ ಭಯ, ತಡವಾದರೆ ಅಕ್ಕ ಬಂದಾಳೆಂಬ ಭಯ. ಹನ್ನೊಂದನೆಯ ಕಾಗದಕ್ಕೆ ಜಿಡ್ಡು ಹತ್ತಲಿಲ್ಲ. ಕೈಯಾಡಿಸಿದಳು: ನುಣುಪು. ಎಲ್ಲಿ ಬಿದ್ದಿತ್ತೆಂದು ಅವಳಿಗೇ ಗುರುತು ಸಿಗದು. ಎಷ್ಟೋ ದಿನದ ಮೇಲೆ ಬುಗುರಿ ಒಂದು ಕಡೆ ಕೂತು ನೀರು ಕುಡಿದಳು.

ಮಧ್ಯಾಹ್ನ ಅಕ್ಕ ಬಂದಳು. ಚಪ್ಪಲಿ ಬಿಟ್ಟು, ಕೋಣೆಗೆ ಹೋಗಿ ಬಟ್ಟೆ ಬದಲಿಸಿ, ಗೋಡೆಗೆ ಕೈ ತಾಗಿಸಿಕೊಂಡು ಎಂದಿನಂತೆ ಬಿಡುಬೀಸಾಗಿ ಹೊರಟಳು. ಅಡುಗೆಮನೆಯಲ್ಲಿದ್ದ ಬುಗುರಿ ಆ ಬೆರಳನ್ನೇ ನೋಡುತ್ತಿದ್ದಳು. ಬೆರಳು ಎಲ್ಲೂ ನಿಲ್ಲಲಿಲ್ಲ. ಅಬ್ಬ, ಎಂದುಕೊಂಡಳು. ಬೆರಳು ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ಅಕ್ಕ ಮೆಟ್ಟಿಲಿಲ್ಲವೆಂಬಂತೆ ಹೆಜ್ಜೆಯನ್ನು ಗಾಳಿಗಿಟ್ಟಳು.

ಬುಗುರಿಯ ಅವಸರ ಜನ್ಮದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಒಂದೇ ನೆಗೆತಕ್ಕೆ ಹೋಗಿ ಅಕ್ಕನನ್ನು ಎದೆಗೆ ಆತುಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತರು.

"ಮೇಣ ಎಲ್ಲೇ?" ಎಂದಳು ಅಕ್ಕ. "ಅದು ಬೆರಳಿಗೆ ಸಿಕ್ರೆ ಇನ್ನೊಂದೇ ಹೆಜ್ಜೆ, ಆಮೇಲೆ ಮೆಟ್ಟಿಲು ಇಳೀಬೇಕು. ಅದನ್ನ ನಂಬ್ಕೊಂಡು ತಾನೇ ಓಡಾಡ್ತಿದ್ದೆ."

"ನಾನೇ ಕಿತ್ತೆ ಅಕ್ಕ. ಚೆಲ್ಲಿದ್ದೂ ನಾನೇ. ನೀನು ಅಲ್ಲಿ ನಿಂತಾಗೆಲ್ಲ ಮನಸ್ಸಲ್ಲೇ ಬೈಕೋತೀಯ ಅಂತ..."

"ಚೆಲ್ಲಿದ್ದು ಗೊತ್ತು. ಕಣ್ಣು ಹೋಗಿದೆ, ಮೂಗು ಹೋಗಿದೆಯಾ?" ಅಕ್ಕ ಅವಳ ತೊಡೆಗೆ ಒಂದು ಬಿಟ್ಟಳು. "ಕಾಯ್ತಿದ್ದೆ, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಕೀಳೋ ಮುಂಚೆ ಒಂದು ಮಾತು ಕೇಳ್ಬಾರ್ದಿತ್ತಾ?"

"ಬಿದ್ದಿಲ್ಲ ತಾನೇ ನೀನು? ಇದು ಲೆಕ್ಕಕ್ಕಿಲ್ಲ. ಆಶ್ರಮ ಗೀಶ್ರಮ ಅನ್ಬೇಡ ಮತ್ತೆ."

ಅಕ್ಕ ಎದ್ದು ಗೋಡೆ ತಡವಿದಳು. "ಬತ್ತಿ ಹಚ್ಚು" ಎಂದಳು.

ಹಾಡುಹಗಲಲ್ಲಿ ಬುಗುರಿ ಮೇಣದಬತ್ತಿ ಹಚ್ಚಿದಳು. "ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲೇ" ಎಂದು ಅಕ್ಕ ಬೆರಳಿಟ್ಟು ತೋರಿಸಿದ ಜಾಗಕ್ಕೆ, ಬೆಳಿಗ್ಗೆಯೆಲ್ಲ ಒದ್ದಾಡಿ ನುಣುಪು ಮಾಡಿದ ಅದೇ ಕಾಗದಕ್ಕೆ, ಮೆತ್ತಗಾದ ಮೇಣವನ್ನು ಹೆಬ್ಬೆರಳಿನಿಂದ ಒತ್ತಿದಳು. ಅದರ ಮೇಲೆ ಅಕ್ಕನ ಕೈ ಬಂದು ಕೂತಿತು.

"ಆರ್ಲಿ, ಅವಸರ ಮಾಡ್ಬೇಡ."

ಬುಗುರಿ ಕೈ ತೆಗೆಯಲಿಲ್ಲ. ಒಂದು, ಎರಡು ಎಂದು ನಿಧಾನಕ್ಕೆ ಹತ್ತರವರೆಗೆ ಎಣಿಸಿದಳು. ಆಮೇಲೆ ಇನ್ನೂ ಹತ್ತು ಎಣಿಸಿದಳು.