ಮುಚ್ಚಳದ ಮೇಲೊಂದು ಕ್ಯಾರಿಯರ್

ನಮ್ಮ ಕಡೆ ಪಿಕಪ್ ಇಟ್ಟುಕೊಂಡವರೆಲ್ಲ ಹಿಂದಿನ ತೊಟ್ಟಿಗೆ ಒಂದು ತಾಡಪಾಲು ಹೊದೆಸಿ, ಹಗ್ಗ ಬಿಗಿದು ಹೊರಟುಬಿಡುತ್ತಾರೆ. ಈರುಳ್ಳಿ ಹೇರಿದರೂ ಅದೇ, ಕೊಬ್ಬರಿ ಹೇರಿದರೂ ಅದೇ. ನನಗೆ ಅದು ಸಾಲಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಸ್ವಂತದ್ದೊಂದು ಗಾಡಿ ಬಂದ ಮೇಲೆ, ಅದು ಸಾಮಾನಿನ ಗಾಡಿಯಂತೆ ಕಾಣಬಾರದು, ಕಾರಿನಂತೆ ಕಾಣಬೇಕು ಎನ್ನುವ ಹುಚ್ಚು ಹಿಡಿಯಿತು.

ಆ ಹುಚ್ಚಿಗೆ ಫೋನು ಜೊತೆಯಾಯಿತು. ಒಂದು ವಿಡಿಯೊದಲ್ಲಿ ಯಾವುದೋ ದೇಶದ ಬಿಳಿಯನೊಬ್ಬ ತನ್ನ ಪಿಕಪ್ಪಿನ ತೊಟ್ಟಿಗೆ ಗಟ್ಟಿ ಮುಚ್ಚಳ ಹಾಕಿಸಿದ್ದ. ಕಾರಿನ ಡಿಕ್ಕಿಯ ಹಾಗೆ ಅದನ್ನು ಒಂದೇ ಬೆರಳಲ್ಲಿ ಎತ್ತುತ್ತಿದ್ದ. ಅದರ ಮೇಲುಗಡೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಒಂದು ದೋಣಿ. ಹಿರಿಯೂರಿನಲ್ಲಿ ಗಾಡಿ ಮೇಲೆ ದೋಣಿ ಹೊತ್ತು ತಿರುಗುವವರನ್ನು ನಾನು ಈವರೆಗೆ ಕಂಡಿಲ್ಲ. ಆದರೂ ನನಗೆ ಮುಚ್ಚಳವೂ ಬೇಕು, ಕ್ಯಾರಿಯರೂ ಬೇಕು ಅನ್ನಿಸಿತು. ವಿಡಿಯೊವನ್ನು ಕೊನೆಯವರೆಗೆ ನೋಡಲಿಲ್ಲ. ನೋಡಿದ್ದರೆ, ಆ ಕ್ಯಾರಿಯರಿನ ಕಾಲುಗಳು ಮುಚ್ಚಳದ ಮೇಲಲ್ಲ, ತೊಟ್ಟಿಯ ಅಂಚಿನ ಮೇಲೆ ನಿಂತಿದ್ದವೆಂದು ಗೊತ್ತಾಗುತ್ತಿತ್ತು.

ಚಿತ್ರದುರ್ಗದ ವೆಲ್ಡಿಂಗ್ ಅಂಗಡಿಯವನು ಮೊದಲಿಗೆ ಹಾಗೆಯೇ ಹೇಳಿದ.

"ಎರಡೂ ಪಕ್ಕ ತೂತು ಹೊಡ್ದು ಕ್ಯಾರಿಯರ್ ಕಾಲು ಬೋಲ್ಟ್ ಮಾಡಾಣ ಅಣ್ಣ. ಮುಚ್ಚಳ ಅದರ ಕೆಳಗೆ ಬ್ಯಾರೆ ಇರ್ತೈತೆ."

ತೊಟ್ಟಿಯ ಎರಡೂ ಪಕ್ಕದಲ್ಲಿ ನಾನು ಆಗಷ್ಟೇ ಮನೆದೇವರ ಹೆಸರು, ತ್ರಿಶೂಲ, ಎರಡು ದೊಡ್ಡ ಕಣ್ಣು ಬರೆಸಿದ್ದೆ.

"ಲೇ, ದೇವ್ರ ಹೆಸ್ರಿಗೆ ತೂತು ಹೊಡೀತೀಯಾ? ಮುಚ್ಚಳದ ಮೇಲೇ ಕೂರ್ಸು" ಎಂದೆ.

"ಹಂಗೇ ಆಗ್ಲಿ. ನಂಗೂ ಕೆಲ್ಸ ಕಮ್ಮಿ" ಎಂದು ಅವನು ಡ್ರಿಲ್ಲನ್ನು ಒಳಗಿಟ್ಟ.

ಅದು ಭಕ್ತಿಯಲ್ಲ. ಹೊಸ ಬಣ್ಣ ಹಾಳಾಗುತ್ತದೆಂಬ ಸಂಕಟ. ದೇವರನ್ನು ಮುಂದೆ ಬಿಟ್ಟರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ.

ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ನೆರೆಯವರು ಮುಚ್ಚಳದ ಮೇಲೆ ಕೈ ಬಡಿದು ಸದ್ದು ಕೇಳಿ ಹೊಗಳಿದರು. ಅಕ್ಕ ಒಬ್ಬಳೇ ಹಿಂದೆ ನಿಂತು ನೋಡುತ್ತಿದ್ದಳು.

ನಮ್ಮಕ್ಕ ಅಡುಗೆಯವಳು. ಮದುವೆ ಮನೆಗಳಲ್ಲಿ ಬೇರೆ ಅಡುಗೆಯವರ ಕೈಕೆಳಗೆ ಹೋಳಿಗೆ ತಟ್ಟುತ್ತಲೇ ಅವಳ ಕೂದಲು ನರೆತಿತ್ತು. ಈಗ ಹೊಸದುರ್ಗದಲ್ಲಿ ಒಂದು ಗೃಹಪ್ರವೇಶದ ಅಡುಗೆ ಅವಳ ಹೆಸರಿಗೇ ಸಿಕ್ಕಿತ್ತು. ಇದು ಚೆನ್ನಾಗಿ ನಡೆದರೆ ಮಗಳ ಮದುವೆಯ ಅಡುಗೆಯೂ ನಿಮಗೇ ಎಂದು ಮನೆಯ ಯಜಮಾನರು ಮಾತು ಕೊಟ್ಟಿದ್ದರು. ಅವರ ನೆಂಟರು ಹೊಳಲ್ಕೆರೆಯವರೆಗೆ ಹರಡಿಕೊಂಡಿದ್ದರು. ಒಂದು ಮನೆ ಹಿಡಿದರೆ ಹತ್ತು ಮನೆ ಹಿಡಿದಂತೆ ಎಂದು ಅವಳ ಲೆಕ್ಕ.

"ಲೇ, ಮೇಲೆ ಹೇರಿದ್ಮೇಲೆ ಈ ಮುಚ್ಚಳ ಎತ್ತಾದು ಹೆಂಗೋ?" ಎಂದಳು.

"ಮೇಲಿಂದು ಇಳ್ಸಿ ಎತ್ತಾದು ಕಣಕ್ಕ."

"ಕೆಳಗಿಂದೇ ಮೊದ್ಲು ಬೇಕಾದ್ರೆ?"

"ನಿಂಗೆ ಹೋಳ್ಗೆ ಗೊತ್ತು, ನಂಗೆ ಗಾಡಿ ಗೊತ್ತು. ಸುಮ್ನಿರು."

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಗೃಹಪ್ರವೇಶದ ದಿನ ಬೆಳಿಗ್ಗೆ ಹೋಳಿಗೆಯ ಬುಟ್ಟಿಗಳನ್ನು ತೊಟ್ಟಿಯೊಳಗೆ ಇಟ್ಟೆವು. ಹಿಂದಿನ ಸಂಜೆಯಿಂದ ಅವಳೂ ಓಣಿಯ ಹೆಂಗಸರೂ ಕೂತು ಬೇಯಿಸಿದ್ದ ಹೋಳಿಗೆ. ಬಿಳಿ ಪಂಚೆ ಹೊದೆಸಿ, ಕೂಸನ್ನು ಮಲಗಿಸುವಂತೆ ಇಟ್ಟಳು. ಮುಚ್ಚಳ ಮುಚ್ಚಿ ಬೀಗ ಹಾಕಿದೆ. ಮುಚ್ಚಳದ ಅಂಚು ಹಿಂದಿನ ಬಾಗಿಲ ಮೇಲೆ ಇಳಿದು ಕೂರುವಂತೆ ಮಾಡಿಸಿದ್ದೆ. ಮುಚ್ಚಳ ಏಳದೆ ಹಿಂದಿನ ಬಾಗಿಲೂ ತೆರೆಯುತ್ತಿರಲಿಲ್ಲ. ಕಳ್ಳರಿಗೆ ಅಂತ. ಹೋಳಿಗೆ ಕದಿಯಲು ಯಾವ ಕಳ್ಳ ಬರುತ್ತಿದ್ದನೋ!

"ಮೇಲೆ ಒಲೆ, ಪಾತ್ರೆ ಅಷ್ಟೇ ಸಾಕು ಕಣೋ. ಸೌದೆ, ಬೆಂಚು ಅಲ್ಲೇ ಕೊಡ್ತಾರಂತೆ" ಎಂದಳು ಅಕ್ಕ.

ನಾನು ಕೇಳಲಿಲ್ಲ. ಕ್ಯಾರಿಯರ್ ಮಾಡಿಸಿ ಅರ್ಧ ಖಾಲಿ ಬಿಟ್ಟರೆ ನೋಡಿದವರು ಏನೆಂದಾರು? ಸೌದೆ ಹೇರಿದೆ, ಬೆಂಚು ಹೇರಿದೆ, ರುಬ್ಬುವ ಕಲ್ಲನ್ನೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಹೋಗುವ ಅಗತ್ಯವಿಲ್ಲದಿದ್ದರೂ ಅಲ್ಲೊಂದು ಸುತ್ತು ಹಾಕಿಕೊಂಡೇ ಹೊಸದುರ್ಗದ ದಾರಿ ಹಿಡಿದೆ.

ಪ್ರತಿ ರೋಡ್ ಹಂಪ್ ದಾಟುವಾಗಲೂ ಹಿಂದಿನಿಂದ ಕಿರ್ರೆನ್ನುವ ಸದ್ದು. ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಅಕ್ಕ ಹಿಂದೆ ತಿರುಗಿ, "ಏನೋ ಸದ್ದು ಬರ್ತೈತಲ್ಲೋ" ಎಂದಳು. ನಾನು ಹಾಡಿನ ಸದ್ದು ಜೋರು ಮಾಡಿದೆ.

ಆ ಮನೆ ಮೂರು ಅಂತಸ್ತಿನದು. ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ, ಎರಡಕ್ಕೂ ಬೆಕ್ಕಿನ ಮುಖ. ಸಾಮಾನೆಲ್ಲ ಇಳಿಸಿ ಒಲೆ ಹಚ್ಚಿದೆವು. ಅನ್ನ, ಸಾರು, ಪಲ್ಯ ಆದವು. ಎಲೆ ಹಾಕುವ ಹೊತ್ತಿಗೆ ನಾನು ಗತ್ತಿನಿಂದ ಬೀಗ ತೆಗೆದು, ಬಿಳಿಯನ ಹಾಗೆ ಒಂದು ಬೆರಳು ಹಚ್ಚಿ ಎತ್ತಿದೆ. ಏಳಲಿಲ್ಲ. ಎರಡು ಕೈ ಹಚ್ಚಿದೆ. ನಾಲ್ಕು ಜನ ಬಂದು ಹಚ್ಚಿದರು. ಕ್ಯಾರಿಯರಿನ ಕಾಲು ಊರಿದ ಕಡೆಯೆಲ್ಲ ತಗಡು ಒಳಕ್ಕೆ ಕುಸಿದು, ಅಂಚು ಸೊಟ್ಟಗಾಗಿ ಬಾಗಿಲನ್ನು ಕಚ್ಚಿಕೊಂಡಿತ್ತು.

ಯಜಮಾನರು ರೇಷ್ಮೆ ಪಂಚೆ ಎತ್ತಿಕೊಂಡು ಬಂದರು.

"ಏನಪ್ಪ, ಹೋಳ್ಗೆ ತಂದೀಯೋ, ತಿಜೋರಿ ತಂದೀಯೋ?"

ಜನ ನಕ್ಕರು. ನಮ್ಮ ಜನಕ್ಕೆ ಊಟ ತಡವಾದರೆ ಬುದ್ಧಿ ಬಹಳ ಚುರುಕಾಗುತ್ತದೆ. ಒಬ್ಬರು ಕೊಬ್ಬರಿ ಎಣ್ಣೆ ಬಿಡಿ ಎಂದರು. ಒಬ್ಬರು ಗಾಡಿಯನ್ನು ಇನ್ನೊಂದು ಹಂಪ್ ಹಾರಿಸಿದರೆ ತಾನೇ ಬಿಚ್ಚಿಕೊಳ್ಳುತ್ತದೆ ಎಂದರು. ಒಬ್ಬರು ಫೋನು ತೆಗೆದು ವಿಡಿಯೊ ಹಿಡಿದರು. ಕೊನೆಗೆ ಹಾರೆ ತಂದು ಮೀಟಿದಾಗ ಮುಚ್ಚಳ ಎದ್ದಿತು. ಕುಸಿದ ತಗಡು ಮೇಲಿನ ಬುಟ್ಟಿಗಳನ್ನು ಅಪ್ಪಚ್ಚಿ ಮಾಡಿತ್ತು. ಕೆಳಗಿನವು ಚೆನ್ನಾಗಿದ್ದವು. ಆದರೆ ಅಷ್ಟರಲ್ಲಿ ಮೊದಲ ಎರಡು ಪಂಕ್ತಿಯವರು ಹೋಳಿಗೆಯಿಲ್ಲದೆ ಉಂಡು, ಅಡಿಕೆ ಹಾಕಿಕೊಂಡು, ಗೃಹಪ್ರವೇಶದಲ್ಲಿ ಸಿಹಿಯಿಲ್ಲ ಎಂದು ಸಾರುತ್ತ ಬಸ್ಸು ಹತ್ತಿದ್ದರು.

"ಅಷ್ಟು ಹೇರು ಅಂದೋರು ಯಾರು?" ಎಂದು ಯಜಮಾನರು ಕೇಳಿದರು.

ಸುತ್ತ ಜನ. ಅವರ ಕೈಯಲ್ಲಿ ಫೋನು. ನನ್ನ ಬಾಯಿಂದ ಬಂತು:

"ನಾನ್ ಬ್ಯಾಡ ಅಂದೆ ಸ್ವಾಮಿ. ನಮ್ಮಕ್ಕನೇ ಕೇಳ್ಲಿಲ್ಲ. ಇದ್ದಬದ್ದದ್ನೆಲ್ಲ ಮೇಲೇ ಹೇರ್ಸಿದ್ಲು."

ಅಕ್ಕ ಚಪ್ಪಟೆಯಾದ ಹೋಳಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಕೈ ನಿಂತಿತು. ನನ್ನನ್ನು ನೋಡಿದಳು. ತಮ್ಮ ಸುಳ್ಳುಗಾರ ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ ತಪ್ಪು ಹೊತ್ತುಕೊಳ್ಳುವುದೇ ಅವಳಿಗೆ ಕಡಿಮೆ ನಾಚಿಕೆ ಎನಿಸಿರಬೇಕು.

"ತಪ್ಪಾತು ಸ್ವಾಮಿ. ಮೂರನೇ ಪಂಕ್ತಿಗೆ ಬಡಿಸ್ತೀನಿ, ಕುಂದ್ರಿಸ್ರಿ" ಎಂದಳು.

ಮಗಳ ಮದುವೆಗೆ ಅವರು ಬೇರೆಯವರನ್ನು ಹಿಡಿದರು. ಹೊಳಲ್ಕೆರೆಯ ನೆಂಟರೂ ಕರೆಯಲಿಲ್ಲ. ಅಕ್ಕ ಮತ್ತೆ ಇನ್ನೊಬ್ಬರ ಕೈಕೆಳಗೆ ಹೋಳಿಗೆ ತಟ್ಟಲು ಹೋದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ತಡೆಯಲಾರದೆ ಒಂದು ದಿನ ಹೊಸದುರ್ಗಕ್ಕೆ ಹೋಗಿ ಆ ಯಜಮಾನರಿಗೆ ನಿಜ ಹೇಳಿದೆ. ಹೇರಿದವನು ನಾನು, ಬೇಡ ಎಂದವಳು ಅಕ್ಕ.

"ಅಯ್ಯೋ, ಇದ್ನ ಹೇಳಾಕೆ ಡೀಸೆಲ್ ಸುಟ್ಕಂಡ್ ಬಂದ್ಯಾ? ಮದುವೆ ಮುಗ್ದೇ ಹೋತಲ್ಲಪ್ಪ. ಕುಂತ್ಕ, ಕಾಫಿ ಕುಡಿ" ಎಂದರು. ಹಾಳಾಗಲಿ, ಕುಡಿದೆ.

ಅಕ್ಕನಿಗೆ ಬಂದು ಹೇಳಿದೆ. "ಹೊಸದುರ್ಗಕ್ಕೆ ಹೋಗಿ ಎಲ್ಲ ಹೇಳ್ಬಂದೆ ಕಣಕ್ಕ."

"ಏನಂದ್ರು?"

"ಕಾಫಿ ಕೊಟ್ರು."

"ಅವತ್ತು ನಂಗೆ ಅದೂ ಕೊಡ್ಲಿಲ್ಲ" ಎಂದು ಹಿಟ್ಟು ನಾದತೊಡಗಿದಳು.

ಈಗ ಕ್ಯಾರಿಯರಿನ ಕಾಲು ತೊಟ್ಟಿಯ ಅಂಚಿನ ಮೇಲೆ ನಿಂತಿದೆ. ತೂತು ಸರಿಯಾಗಿ ದೇವರ ಕಣ್ಣಿನ ಪಕ್ಕದಲ್ಲೇ ಬಿದ್ದಿದೆ. ದೇವರು ಏನೂ ಅಂದಿಲ್ಲ. ಸೊಟ್ಟ ಮುಚ್ಚಳ ಅಕ್ಕನ ಹಿತ್ತಲಲ್ಲಿ ಸೌದೆಗೆ ಮಳೆ ತಾಗದಂತೆ ಕಾಯುತ್ತಿದೆ. ಅದನ್ನು ಮಾಡಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಮೊನ್ನೆ ಅವಳಿಗೆ ಹೊಳಲ್ಕೆರೆಯಲ್ಲೊಂದು ನಾಮಕರಣದ ಅಡುಗೆ ಸಿಕ್ಕಿತು. ಚಿಕ್ಕದು, ಆದರೆ ಅವಳ ಹೆಸರಿಗೇ. ಬೆಳಿಗ್ಗೆ ನಾನು ಗಾಡಿ ತೊಳೆದು ಅವಳ ಬಾಗಿಲಿಗೆ ಒಯ್ದರೆ, ಅಲ್ಲಿ ಆಗಲೇ ಪಕ್ಕದೂರಿನವನ ಪಿಕಪ್ ನಿಂತಿತ್ತು. ತೇಪೆ ಹಾಕಿದ ತಾಡಪಾಲು, ಹಳೇ ಹಗ್ಗ. ಹೋಳಿಗೆ ಬುಟ್ಟಿಗಳು ಅದರೊಳಗೆ ಕೂತಾಗಿತ್ತು.

ಗಾಡಿಯಿಂದ ಇಳಿದು, ಹಗ್ಗದ ಒಂದು ತುದಿ ಹಿಡಿದು ಬಿಗಿಯತೊಡಗಿದೆ. ಅಕ್ಕ ಮುಂದಿನ ಸೀಟಿಗೆ ಹತ್ತುತ್ತ ತಿರುಗಿ ನೋಡಿದಳು.

"ಬೇಗ ಬಿಚ್ಚಾಕೆ ಬರಂಗೆ ಹಾಕು ಗಂಟು" ಎಂದಳು.

ಹಾಕಿದ್ದ ಗಂಟನ್ನು ಬಿಚ್ಚಿ ಮತ್ತೆ ಹಾಕಿದೆ.