ಯಾರನ್ನೂ ಕರೆಸದ ವೈನಿ

ವೈನಿಯ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಸುತ್ತಿಗೆಯ ಏಟಿಗೆ ರಕ್ತ ಹೆಪ್ಪುಗಟ್ಟಿದ ಕಪ್ಪು. ಆ ಕಪ್ಪು ಬೆಳೆದು ತುದಿಗೆ ಬರುವಷ್ಟರಲ್ಲಿ ಇನ್ನೊಂದು ಏಟು ಬಿದ್ದಿರುತ್ತಿತ್ತು. ಕೆಲಸಕ್ಕೆ ಕುಳಿತರೆ ಹಸಿರು ಬಳೆಗಳನ್ನು ಮುಂಗೈ ಮೇಲಕ್ಕೆ ಸರಿಸಿ, ಜಾರದಂತೆ ಹಳೆಯ ಲಂಗದ ಲಾಡಿಯಿಂದ ಬಿಗಿದುಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಆ ಲಾಡಿ ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮವರು ವೈನಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎಂಬತ್ತರ ದಶಕದಲ್ಲಿ ನಾವು ಎರಡೂ ಸಂಸಾರದವರು ಕಲಬುರಗಿಯಲ್ಲಿದ್ದೆವು, ಅತ್ತೆ ಮಾತ್ರ ಕಮಲಾಪುರದ ಮನೆಯನ್ನು ಬಿಟ್ಟು ಬರಲಿಲ್ಲ. ಹಬ್ಬಕ್ಕೆ ಅಲ್ಲಿಗೆ ಹೋದರೆ ನಾನು ಸೀರೆ ಬದಲಿಸಿ ಕೈಕಾಲು ತೊಳೆಯುವಷ್ಟರಲ್ಲಿ ವೈನಿ ಸ್ಟೂಲಿನ ಮೇಲೆ ನಿಂತು ಫ್ಯೂಜಿಗೆ ತಂತಿ ಸುತ್ತುತ್ತಿದ್ದರು. ನಲ್ಲಿ ಸೋರಿದರೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ವಾಶರು ಮಾಡುತ್ತಿದ್ದರು. ಬೇಸಿಗೆ ಬಂತೆಂದರೆ ಕೂಲರಿನ ಹುಲ್ಲು ಬದಲಿಸಿ, ಅದರ ಪಂಪನ್ನು ಬಿಚ್ಚಿ ತೊಳೆದು ಹಾಕುತ್ತಿದ್ದರು. ಏನೇ ಕೆಟ್ಟರೂ ಅವರದು ಒಂದೇ ಮಾತು: "ಮೊದಲ ಬಿಚ್ಚಿ ನೋಡೂಣು. ಅಳೂದು ಆಮ್ಯಾಲ ಇದ್ದೇ ಅದ."

ನಾನು ಬಿಚ್ಚುವವಳಲ್ಲ, ಕರೆಸುವವಳು. ಪ್ಲಂಬರನನ್ನು ಕರೆಸುತ್ತಿದ್ದೆ, ಬಡಿಗನನ್ನು ಕರೆಸುತ್ತಿದ್ದೆ. ಬಂದವರನ್ನು ಕೂಡಿಸಿ ಚಹಾ ಕೊಟ್ಟು, ಇದು ಹೀಗಿರಬೇಕು, ಅದು ಹಾಗಿರಬಾರದು ಎಂದು ಹೇಳಿ ಮಾಡಿಸುತ್ತಿದ್ದೆ. ಅತ್ತೆಯ ಕಣ್ಣಿಗೆ ಅದು ಕೆಲಸವೇ ಅಲ್ಲ.

"ಅಕಿ ಬಂದ್ಲಂದ್ರ ಮನಿ ನೆಟ್ಟಗಾಗ್ತದ," ಎಂದರು ಒಂದು ಸಲ, ಎಲ್ಲರೂ ಊಟಕ್ಕೆ ಕುಳಿತಾಗ. "ನೀ ಬಂದ್ರ ಮಂದಿಗೆ ಚಹಾ ಕಾಸೂದಾಗ್ತದ."

ಎಲ್ಲರೂ ನಕ್ಕರು. ನಮ್ಮವರ ನಗುವೇ ಜೋರಾಗಿತ್ತು. ಹೊರಡುವಾಗ ಅತ್ತೆ ಹಿತ್ತಲಿನ ಕೆಂಪು ಬಾಳೆಯ ದೊಡ್ಡ ಚಿಪ್ಪನ್ನು ವೈನಿಯ ಚೀಲಕ್ಕೇ ಇಟ್ಟರು. ಬಸ್ಸಿನಲ್ಲಿ ವೈನಿ ಅರ್ಧ ನನಗೆ ಕೊಡಲು ಬಂದರು. ಪಿತ್ತ ಆಗುತ್ತದೆ ಎಂದು ಸುಳ್ಳು ಹೇಳಿ ಕಿಟಕಿಯ ಕಡೆ ತಿರುಗಿ ಕುಳಿತೆ. ಹೊಟ್ಟೆಕಿಚ್ಚು ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಇಷ್ಟು ವಯಸ್ಸಾದ ಮೇಲೆ ಅದಕ್ಕೆ ಬೇರೆ ಹೆಸರು ಹುಡುಕುವುದರಲ್ಲಿ ಅರ್ಥವಿಲ್ಲ.

ನಾವು ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಒಂದೇ ಪಣ ತೊಟ್ಟೆ. ಈ ಮನೆಯೊಳಗೆ ವೈನಿ ಊಟಕ್ಕೆ ಬರಲಿ, ಅರಿಶಿನ ಕುಂಕುಮಕ್ಕೆ ಬರಲಿ. ಅವರ ಸುತ್ತಿಗೆ ಬರಕೂಡದು. ಒಂದಾದರೂ ಮನೆ ನನ್ನ ಯಜಮಾನಿಕೆಯಲ್ಲಿ ನೆಟ್ಟಗಿದೆ ಎಂದು ನಮ್ಮವರ ಬಾಯಿಂದ ಬರಬೇಕಾಗಿತ್ತು. ಮೊದಲ ಮಳೆಗಾಲಕ್ಕೇ ಬಚ್ಚಲಿನ ಬಾಗಿಲು ಉಬ್ಬಿ ಕೂತಿತು. ನಾನು ಬಡಿಗನಿಗೆ ಹೇಳಿ ಕಳಿಸಿದ್ದೆ. ಅಷ್ಟರಲ್ಲಿ ನಮ್ಮವರು ನನಗೆ ತಿಳಿಸದೆ ವೈನಿಗೆ ಫೋನು ಮಾಡಿಬಿಟ್ಟಿದ್ದರು. ಅವರು ಚೀಲ ಹಿಡಿದು ಆಟೋದಿಂದ ಇಳಿದರು. ನಾನು ನಗುನಗುತ್ತ ಚೀಲ ಇಸಿದುಕೊಂಡು ಮೂಲೆಗಿಟ್ಟು, ಅವರನ್ನು ಕುರ್ಚಿಯ ಮೇಲೆ ಕೂಡಿಸಿದೆ. ಬಡಿಗ ಬಂದು ಬಾಗಿಲು ಕೆತ್ತಿ ಮುಗಿಸುವವರೆಗೂ ವೈನಿ ನೋಡುತ್ತಲೇ ಇದ್ದರು. ಅವನನ್ನಲ್ಲ, ಅವನಿಗೆ ಕೆಲಸ ಹೇಳುತ್ತಿದ್ದ ನನ್ನನ್ನು. ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಸ ಉರಿ ಶುರುವಾಯಿತು. ವೈನಿ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿ ಕಂಪ್ಯೂಟರ್ ಕಲಿತು, ಮನೆಗೂ ಒಂದು ಹಳೆಯದನ್ನು ತಂದು, ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿದರು. ಮನೆಯ ರಿಪೇರಿ ತಾವೇ ಮಾಡಿಕೊಳ್ಳುವವರ ಗುಂಪು. ನಮ್ಮ ಕಡೆಯ ಜನ ಪುಣೆ, ಸೊಲ್ಲಾಪುರ, ಹೈದರಾಬಾದಿನಿಂದೆಲ್ಲ ಸೇರಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಯಾರು ಏನು ಬರೆದರೂ ಮೊದಲು ವೈನಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಅವರು ಒಪ್ಪಿ ಗುಂಡಿ ಒತ್ತಿದರೆ ಮಾತ್ರ ಉಳಿದವರಿಗೆ ಕಾಣುತ್ತಿತ್ತು. ಮಾಡರೇಟರ್ ಅಂದರೆ ಅದು.

ಬೇರೆ ಗುಂಪುಗಳಲ್ಲಿ ಬೈಗುಳ ಇದೆಯೋ ಇಲ್ಲವೋ ಅಷ್ಟೇ ನೋಡಿ ಮುಂದೆ ಬಿಡುತ್ತಾರಂತೆ. ವೈನಿಯ ಪದ್ಧತಿಯೇ ಬೇರೆ. ಯಾರಾದರೂ ಒಂದು ಉಪಾಯ ಬರೆದರೆ ಅದನ್ನು ತಮ್ಮ ಮನೆಯಲ್ಲಿ ಮಾಡಿ ನೋಡದೆ ಮುಂದೆ ಬಿಡುತ್ತಿರಲಿಲ್ಲ. ಹೀಗಾಗಿ ಐವಾನ್-ಎ-ಶಾಹಿ ಬಡಾವಣೆಯ ಅವರ ಮನೆ ನೋಡುವಂತಿರಲಿಲ್ಲ. ಗೋಡೆಗೊಂದು ನಮೂನೆ ತೇಪೆ, ಬಾಗಿಲಿಗೊಂದು ನಮೂನೆ ತಿರುಗಣಿ. ಸೋರುವ ಮಾಳಿಗೆಗೆ ಡಾಂಬರು ಒಳ್ಳೆಯದೋ ಸುಣ್ಣ ಒಳ್ಳೆಯದೋ ಎಂದು ಇಬ್ಬರು ಗಂಡಸರು ಗುಂಪಿನಲ್ಲಿ ಏಕವಚನಕ್ಕಿಳಿದು ಜಗಳಕ್ಕೆ ನಿಂತರು. ವೈನಿ ತಮ್ಮ ಮಾಳಿಗೆಯ ಅರ್ಧಕ್ಕೆ ಇದನ್ನು, ಅರ್ಧಕ್ಕೆ ಅದನ್ನು ಹಚ್ಚಿ, ಮಳೆ ಬರುವತನಕ ಇಬ್ಬರೂ ಬಾಯಿ ಮುಚ್ಚಿಕೊಂಡಿರಬೇಕು ಎಂದು ಬರೆದರು. ಇಬ್ಬರೂ ಇದ್ದರು! ಮಳೆಗೆ ಎರಡೂ ಕಡೆ ಸೋರಿದ್ದನ್ನು ವೈನಿ ಮುಲಾಜಿಲ್ಲದೆ ತಿಳಿಸಿದರು. ಕೊನೆಗೆ ಆ ಗುಂಪಿನವರೆಲ್ಲ ಅವರನ್ನು ವೈನಿ ಎಂದೇ ಕರೆಯತೊಡಗಿದರು. ಮುಖ ನೋಡದ ಜನಕ್ಕೂ ಅವರು ವೈನಿಯಾದರು. ನಮ್ಮವರು ದಿನಾ ಸಂಜೆ ಜಗತ್ ಸರ್ಕಲ್ಲಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ ಅದನ್ನೆಲ್ಲ ಓದಿ ಬಂದು, ನಾನು ರೊಟ್ಟಿ ಬಡಿಯುತ್ತಿರುವಾಗ ನನಗೇ ಹೇಳುತ್ತಿದ್ದರು.

ತಡೆಯಲಾರದೆ ನಾನೂ ಆ ಕೆಫೆಗೆ ಹೋಗಿ ಗುಂಪಿಗೆ ಸೇರಿದೆ. ನನ್ನ ಹೆಸರಿನಲ್ಲೇ ಬರೆದೆ: ಎಲ್ಲವನ್ನೂ ನಾವೇ ಮಾಡಬೇಕೆಂದಿಲ್ಲ, ಒಳ್ಳೆಯ ಬಡಿಗನನ್ನು ಕರೆಸಿದರೆ ಕೆಲಸವೂ ಚೆನ್ನ, ಮರ್ಯಾದೆಯೂ ಉಳಿಯುತ್ತದೆ. ನಮ್ಮ ಬಡಿಗನ ಹೆಸರನ್ನೂ ಕೊಟ್ಟೆ. ಅದು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಸೊಲ್ಲಾಪುರದವರ ಕುಕ್ಕರಿನ ಹಿಡಿಕೆ ಬಂತು, ಪುಣೆಯವರ ಇಲಿಬೋನು ಬಂತು, ನನ್ನದು ಮಾತ್ರ ಬರಲಿಲ್ಲ. ನಮ್ಮವರಿಗೆ ಹೇಳಿದರೆ, ವೈನಿ ತಡೆದಿದ್ದಾರೆಂದರೆ ಏನೋ ಕಾರಣ ಇರಬೇಕು ಎಂದರು. ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ಬಿಸಿಲಿನಲ್ಲೇ ಆಟೋ ಹತ್ತಿ ಐವಾನ್-ಎ-ಶಾಹಿಗೆ ಹೋದೆ, ಇವತ್ತು ಕೇಳಿಯೇ ಬಿಡಬೇಕೆಂದು.

ಹೋಗಿ ನೋಡಿದರೆ ಪಡಸಾಲೆಯಲ್ಲಿ ನಮ್ಮ ಬಡಿಗ ಕುಳಿತಿದ್ದ. ಕಪಾಟಿನ ಹಲಗೆಗಳನ್ನು ಕೂಡಿಸುತ್ತಿದ್ದ. ವೈನಿ ಗೋಡೆಗೆ ಆತು ನಿಂತಿದ್ದರು, ಕೈಯಲ್ಲಿ ಅವನಿಗೆ ತಂದ ಚಹಾ. ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: ಮೇಲಿನ ಹಲಗೆಯನ್ನು ಬಹಳ ಎತ್ತರಕ್ಕೆ ಜಡಿದಿದ್ದಾನೆ, ಕೈ ಎಟಕುವುದಿಲ್ಲ, ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಹೇಳಿದರೆ ಅವನಿಗೆ ಕೆಡುಕೆನಿಸೀತು. ಬೆಳಗಿನಿಂದ ಅದಕ್ಕೇ ಚಹಾ ಮಾಡಿ ಮಾಡಿ ಕೊಡುತ್ತಿದ್ದರಂತೆ.

ನಾನು ಹೊರಗೆ ಬಂದೆ. ಅವನ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿದೆ. ಹಾಗೇ ಮಾತಾಡುತ್ತ, ಈ ಹಲಗೆ ನನ್ನ ಎತ್ತರದವರಿಗೆ ಎಟಕುತ್ತದೆಯೋ ನೀವೇ ನೋಡಿ ಎಂದು ಕೈ ಚಾಚಿ ತೋರಿಸಿದೆ. ಅವನು ನಕ್ಕು, ಮೊಳೆ ಕಿತ್ತು, ಗೇಣು ಕೆಳಗೆ ಇಳಿಸಿದ. ಅಷ್ಟೇ ಕೆಲಸ.

ವೈನಿ ನನ್ನನ್ನೇ ನೋಡುತ್ತಿದ್ದರು, ನಮ್ಮ ಬಚ್ಚಲಿನ ಬಾಗಿಲು ಕೆತ್ತುವಾಗ ನೋಡಿದ ಹಾಗೆಯೇ.

"ಮಂದೀಗೆ ಕೆಲಸಾ ಹೇಳ್ಲಿಕ್ಕೆ ನನಗ ಬಾಯೇ ಬರೂದಿಲ್ಲ," ಎಂದರು. "ಹೊಸಾದಾಗಿ ಬಂದಾಗ ಅಂಜಿ ಅಂಜಿ ಎಲ್ಲಾ ನಾನೇ ಕಲತೆ. ಮಂದಿ ಶಾಣ್ಯಾಕಿ ಅಂದ್ರು, ಸುಮ್ನಾದೆ. ನೀ ಎರಡ ಮಾತಿನಾಗ ಮಾಡಸ್ತಿ. ನಿನ್ನ ನೋಡಿದ್ರ ಹೊಟ್ಟಿ ಉರೀತದವಾ ನನಗ."

ನನ್ನ ಪತ್ರ ನಿಂತದ್ದು ಏಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಜೀವನದಲ್ಲಿ ಯಾರನ್ನೂ ಕರೆಸದವರು ನನ್ನ ಮಾತನ್ನು ಪರೀಕ್ಷಿಸಲೆಂದೇ ಬಡಿಗನನ್ನು ಕರೆಸಿದ್ದರು. ಮರುದಿನ ಅದು ಗುಂಪಿನಲ್ಲಿ ಬಂತು. ಕೆಳಗೆ ವೈನಿಯ ಎರಡು ಸಾಲು: ಮಾಡಿಸಿ ನೋಡಿದ್ದೇನೆ, ಮಾಡಿಸುವುದು ಮಾಡುವುದಕ್ಕಿಂತ ಕಠಿಣ, ನನ್ನ ನೆಗೆಣ್ಣಿಯನ್ನು ಕೇಳಿ. ನೆಗೆಣ್ಣಿ, ಅಂದರೆ ಓರಗಿತ್ತಿ, ನಾನೇ. ನನ್ನ ಬರಹಕ್ಕಿಂತ ಆ ಎರಡು ಸಾಲಿಗೇ ಹೆಚ್ಚು ಉತ್ತರಗಳು ಬಂದವು. ಅದಕ್ಕೂ ನನಗೆ ಉರಿಯಿತು, ಏನು ಮಾಡಲಿ.

ಮುಂದೆ ಅವರು ಕಾಯಿಲೆ ಬಿದ್ದರು. ಕುಳಿತುಕೊಳ್ಳಲು ಆಗದಂತಾದಾಗ ಗುಂಪನ್ನು, ಜೊತೆಗೆ ತಮ್ಮ ಕಂಪ್ಯೂಟರನ್ನೂ, ನನಗೆ ಒಪ್ಪಿಸಿದರು. ಬೇಡವೆಂದೆ. ನನಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ ಎಂದೆ. "ಅಲ್ಲಿ ಮೊಳಿ ಹೊಡ್ಯೂದೇನಿಲ್ಲ, ಮಂದೀ ಕೂಡ ಮಾತಾಡೂದದ," ಎಂದರು. "ಸುಮ್‌ಸುಮ್ನ ಯಾರ್ನೂ ತಡೀಬ್ಯಾಡ."

ವೈನಿ ಹೋದ ಸುದ್ದಿಯನ್ನು ಗುಂಪಿಗೆ ನಾನೇ ಬರೆದೆ. ಮಾರನೆಯ ದಿನ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತರೆ ಪತ್ರಗಳು ಬಂದು ನಿಂತಿದ್ದವು, ನನ್ನ ಒಪ್ಪಿಗೆಗಾಗಿ. ಎಲ್ಲವೂ ವೈನಿಯ ಹೊಗಳಿಕೆ. ಅಂಥ ಹೆಂಗಸು ಇನ್ನೊಬ್ಬಳಿಲ್ಲ ಎಂದು ಒಬ್ಬರು. ನಮ್ಮ ಮನೆಗೆ ಕಾಲಿಡದೆಯೇ ಮನೆ ನಿಲ್ಲಿಸಿದರು ಎಂದು ಇನ್ನೊಬ್ಬರು. ಒಂದೊಂದನ್ನೂ ಪೂರ್ತಿ ಓದಿ ಗುಂಡಿ ಒತ್ತಿದೆ. ಅವರನ್ನು ಹೊಗಳಿದ್ದು ಸಾಕಪ್ಪಾ ಎಂದು ಮದುವೆಯಾದಂದಿನಿಂದ ಅಂದುಕೊಂಡು ಬಂದವಳು ನಾನು. ಅಂದು ಎಲ್ಲವೂ ಮುಗಿದ ಮೇಲೆ, ಇನ್ನೊಂದಾದರೂ ಬಂದೀತೇ ಎಂದು ಕಾಯುತ್ತ ಅಲ್ಲೇ ಕುಳಿತಿದ್ದೆ.