ಜಗಲಿಯ ಮೇಲೆ ಮೂವತ್ತೊಂದು ಸಲ

ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಆ ಸಾಕ್ಷ್ಯಚಿತ್ರ ತೋರಿಸಿದ್ದು ಶುಕ್ರವಾರ, ಮಧ್ಯಾಹ್ನ ಎರಡು ಹತ್ತಕ್ಕೆ. ಜೆರುಸಲೇಮಿನ ಎರಡು ಕಡೆಯವರ ಬದುಕು. ಪ್ಯಾಲೆಸ್ತೀನಿ ಮುದುಕನೊಬ್ಬ ಇಸ್ರೇಲಿ ಹೆಂಗಸಿನ ಮನೆಗೆ ಗಾರೆ ಕೆಲಸ ಮಾಡಿ, ಸಂಜೆ ತಪಾಸಣೆಯ ಗೇಟಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ. "ಅವನು ನಮ್ಮ ಮನೆಯವನ ಹಾಗೇ" ಎನ್ನುತ್ತಾಳೆ ಆಕೆ. ಅವನ ಮನೆ ಎಲ್ಲಿ ಎಂದು ಕೇಳಿದರೆ ಬೆಟ್ಟದ ಕಡೆ ಸುಮ್ಮನೆ ಕೈ ಬೀಸುತ್ತಾಳೆ. ಅದೇ ಹೆಂಗಸು, ಬಸ್ಸಿನಲ್ಲಿ ಬಾಂಬ್ ಸಿಡಿದು ಸತ್ತ ಮಗನ ಶೂ ಒರೆಸುವಾಗ ನಾನೂ ನನ್ನ ಗೆಳತಿಯೂ ಅತ್ತೆವು.

ನಮ್ಮಿಬ್ಬರದೂ ಒಂದೇ ಊರು, ತಿ. ನರಸೀಪುರದ ಕಡೆ. ಅವಳ ಮನೆಯವರದು ಮೇಲಿನ ಬೀದಿ, ನಮ್ಮದು ಊರಾಚೆಯ ಕಾಲೊನಿ. ಚಿತ್ರ ಮುಗಿದ ಮೇಲೆ ಮೇಷ್ಟ್ರು ನಡೆಸುವ ಚರ್ಚೆಯಲ್ಲಿ ನಮ್ಮೂರಿನ ಬಗ್ಗೆ ಮಾತಾಡುವುದೆಂದು ಹಿಂದಿನ ದಿನವೇ ಬಸ್ಸಿನಲ್ಲಿ ಒಪ್ಪಿದ್ದೆವು.

"ನೀನು ಶುರು ಮಾಡು ಕಣೇ, ನಾನು ಹೌದು ಅಂತೀನಿ" ಎಂದಿದ್ದಳು.

ಶುರು ಮಾಡಿದೆ. ಡೈರಿ ಕೈಯಲ್ಲೇ ಇತ್ತು. "ಎರಡು ವರ್ಷದಲ್ಲಿ ಇವಳ ಮನೆಗೆ ಮೂವತ್ತೊಂದು ಸಲ ಹೋಗಿದ್ದೀನಿ ಸಾರ್. ಮೂವತ್ತೊಂದು ಸಲವೂ ಜಗಲಿ ಮೇಲೇ ಕೂತಿದ್ದೀನಿ. ಅವರಿಗೆಲ್ಲ ಸ್ಟೀಲ್ ಲೋಟ, ನನಗೆ ಪೇಪರ್ ಲೋಟ."

ಮೇಷ್ಟ್ರು ಅವಳ ಕಡೆ ತಿರುಗಿದರು. "ಏನಮ್ಮಾ, ಹೌದಾ?"

ಹಿಂದಿನ ಸಾಲಿನಲ್ಲಿ ಅವಳ ಚಿಕ್ಕಪ್ಪನ ಮಗ ಕೂತಿದ್ದ. ಅವನನ್ನೊಮ್ಮೆ ನೋಡಿ ಎದ್ದಳು. "ನಮ್ಮೂರಲ್ಲಿ ಅಂಗೆಲ್ಲ ಏನೂ ಇಲ್ಲ ಸಾ. ಇವ್ಳು ನಮ್ಮನೆಯವಳ ತರಾನೇ."

ಚಪ್ಪಾಳೆ ಬಿತ್ತು. "ಲೋಟಾನೂ ಎಣಿಸ್ತಳಲ್ಲಪ್ಪೋ!" ಎಂದು ಯಾರೋ ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನಿಲ್ಲಿಸಿ ಕೇಳಿದೆ. "ಹೌದು ಅಂತೀನಿ ಅಂದಿದ್ದೆಯಲ್ಲೇ."

"ಬೀದಿ ಇಚಾರ ಏಳ್ತೀಯ ಅನ್ಕಂಡಿದ್ದೆ. ನಮ್ಮವ್ವನ ಮಾನ ಕಳೀತೀಯ ಅಂತ ನಂಗೇನು ಗೊತ್ತು? ಅವ್ವ ಪ್ರೀತೀಲಿ ಕಾಪಿ ಕೊಟ್ರೆ, ನೀನು ಎಣಿಸ್ಕಂಡು ಕೂತಿದ್ದಾ?"

"ಯಾವ ಸಲಕ್ಕೆ ಒಳಕ್ಕೆ ಕರೀತಾರೆ ಅಂತ ಬರೀತಿದ್ದೆ ಕಣೇ" ಎಂದೆ. ನಿಜವಾಗಿ ಅಷ್ಟೇ. ಮೂವತ್ತೊಂದರಲ್ಲೂ ಮುಂದಿನದರ ಮೇಲೆ ಆಸೆ ಇತ್ತು.

ಅವಳು ಬ್ಯಾಗು ಹೆಗಲಿಗೇರಿಸಿ ಚಿಕ್ಕಪ್ಪನ ಮಗ ನಿಂತಿದ್ದ ಕಡೆ ನಡೆದಳು.

ಐದು ಇಪ್ಪತ್ತರ ಬಸ್ಸು ಬಂತು. ಮೊದಲು ನುಗ್ಗಿ ಹತ್ತಿದವಳು ಇನ್ನೊಬ್ಬಳಿಗಾಗಿ ಪಕ್ಕದ ಸೀಟಿಗೆ ವೇಲು ಹಾಕಿ ಹಿಡಿಯುವುದು ನಮ್ಮ ಪದ್ಧತಿ. ಅಭ್ಯಾಸದಲ್ಲಿ ಹಾಕಿಬಿಟ್ಟಿದ್ದೆ. ಅವಳು ಮುಂದಿನ ಬಾಗಿಲಿನಿಂದ ಹತ್ತಿ, ಡ್ರೈವರ್ ಹಿಂದೆ, ಚಿಕ್ಕಪ್ಪನ ಮಗನ ಪಕ್ಕ ಕೂತಳು.

"ಯಾರಾರ ಬತ್ತಾರವ್ವಾ ಇಲ್ಲಿ?" ಸೊಪ್ಪಿನ ಬುಟ್ಟಿ ಹಿಡಿದ ಅಜ್ಜಿ ಕೇಳಿತು.

ಬಸ್ಸು ಹೊರಡುವವರೆಗೂ ಅಜ್ಜಿಯನ್ನು ನಿಲ್ಲಿಸಿಯೇ ಇದ್ದೆ. ಆಮೇಲೆ ವೇಲು ತೆಗೆದೆ.